ಮೂಗಿನ ಪೀನಸವೂ ಎದೆಯ ಉಬ್ಬಸವೂ

ನಮ್ಮ ಮನೆಗಳಲ್ಲಿ ನೆಗಡಿಯನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಮಗುವಿನ ಮೂಗು ಸೋರಿದರೆ ಸೆರಗಿನಿಂದ ಒರೆಸುವುದು, ದೊಡ್ಡವರ ಮೂಗು ಕಟ್ಟಿದರೆ ಮೆಣಸಿನ ಕಷಾಯವನ್ನು ಕುಡಿಸುವುದು, ಹಣೆಯು ಭಾರವಾದರೆ ಶುಂಠಿಯನ್ನು ತೇಯ್ದು ಪಟ್ಟು ಹಾಕುವುದು, ಇಷ್ಟಕ್ಕೆ ಮೂಗಿನ ಉಪಚಾರವು ಮುಗಿಯಿತೆಂದು ತಿಳಿಯುತ್ತೇವೆ. ಉಬ್ಬಸದ ಮಾತು ಹಾಗಲ್ಲ. ಮನೆಯ ಹಿರಿಯರೊಬ್ಬರು ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು, ಗೊರಗೊರ ಸದ್ದಿನೊಡನೆ ಒಂದೊಂದು ಉಸಿರಿಗೂ ಹೆಣಗುವುದನ್ನು ಕಂಡವರು ಅದನ್ನು ಮರೆಯಲಾರರು. ಅದಕ್ಕೆ ಪಟ್ಟಣದ ದೊಡ್ಡ ವೈದ್ಯರೇ ಆಗಬೇಕು. ಹೀಗಾಗಿ ಎದೆಗೊಬ್ಬ ವೈದ್ಯರು, ಮೂಗಿಗೆ ಮತ್ತೊಬ್ಬರು ಎಂದು ಏರ್ಪಟ್ಟಿರುವುದು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡುವುದಿಲ್ಲ, ನಾವೂ ತೋರಿಸುವುದಿಲ್ಲ.

ಈ ವಿಭಾಗವು ವೈದ್ಯವೃತ್ತಿಯ ಅನುಕೂಲಕ್ಕಾಗಿ ಉಂಟಾದದ್ದು. ಶರೀರಕ್ಕೆ ಅದು ತಿಳಿಯದು. ಮೂಗಿನ ಹೊಳ್ಳೆಯಿಂದ ಮೊದಲಾಗಿ ಶ್ವಾಸಕೋಶದ ಕಿರುಗವಲುಗಳವರೆಗೆ ಗಾಳಿಯು ಹೋಗುವ ದಾರಿಯು ಒಂದೇ. ಅದರ ಒಳಗೋಡೆಗೆ ಹಾಸಿರುವ ಪೊರೆಯೂ ಬಹುಮಟ್ಟಿಗೆ ಒಂದೇ ಜಾತಿಯದು. ಬಹುಕಾಲದ ಉಬ್ಬಸ, ಕೆಮ್ಮು, ಕಫ ಮೊದಲಾದ ಎದೆಯ ಬೇನೆಗಳಿಂದ ನರಳುವವರಲ್ಲಿ ಅನೇಕರಿಗೆ ಮೂಗಿನಲ್ಲಿಯೂ ಮುಖದ ಎಲುಬುಗಳೊಳಗಣ ಗುಹೆಗಳಲ್ಲಿಯೂ ಬಾಧೆಯಿರುವುದು ಕಂಡುಬಂದಿದೆ. ಒಂದು ಮತ್ತೊಂದಕ್ಕೆ ಕಾರಣವೋ, ಅಥವಾ ಎರಡೂ ಮೂರನೆಯದೊಂದರ ಕಾರ್ಯಗಳೋ, ಇದನ್ನು ತಿಳಿಯುವುದರಿಂದ ಗೃಹಸ್ಥನಿಗೆ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸುತ್ತೇವೆ. ನಾವು ವೈದ್ಯರಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದ ಸಂಗತಿಗಳನ್ನು ಕ್ರಮಪಡಿಸಿ ಹೇಳುವುದಷ್ಟೇ ನಮ್ಮ ಕೆಲಸ.

ಮೊದಲು ಸಂಸ್ಕೃತ ವೈದ್ಯಗ್ರಂಥಗಳ ಕಡೆಗೆ ತಿರುಗೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಬಿಕ್ಕಳಿಕೆಯನ್ನೂ ಶ್ವಾಸರೋಗಗಳನ್ನೂ ಕುರಿತದ್ದು. ಶ್ವಾಸರೋಗವನ್ನು ಅಲ್ಲಿ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸಿದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದಿದರೆ, ಇಂದು ನಾವು ಉಬ್ಬಸವೆನ್ನುವ ರೋಗವೇ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ರೋಗಿಯು ಮಲಗಲಾರನು, ಎದ್ದು ಕುಳಿತರೆ ಸ್ವಲ್ಪ ಸುಖವನ್ನು ಪಡೆಯುವನು. ಮೋಡ ಕವಿದಾಗ, ಮಳೆ ಬಂದಾಗ, ಚಳಿಯಲ್ಲಿ, ಮೂಡಣ ಗಾಳಿಯಲ್ಲಿ ರೋಗವು ಹೆಚ್ಚುವುದು. ಕಫವು ಹೊರಬಿದ್ದ ಮೇಲೆ ಕೆಲವು ಗಳಿಗೆ ಹಾಯೆನಿಸುವುದು. ಇದೆಲ್ಲವನ್ನೂ ಗ್ರಂಥಕಾರನು ರೋಗಿಯ ಮಗ್ಗುಲಲ್ಲಿ ಕುಳಿತು ನೋಡಿದವನಂತೆ ಹೇಳಿದ್ದಾನೆ. ಪ್ರಕೃತಕ್ಕೆ ಮುಖ್ಯವಾದುದೇನೆಂದರೆ, ದಾರಿ ತಪ್ಪಿ ಹಿಮ್ಮೊಗವಾದ ವಾಯುವು ಕುತ್ತಿಗೆಯನ್ನೂ ತಲೆಯನ್ನೂ ಹಿಡಿದು ಕಫವನ್ನು ಕೆರಳಿಸುವಾಗ ಪೀನಸವು ಹುಟ್ಟುತ್ತದೆಂದೂ, ಎದೆಯ ಗೊರಗೊರ ಶಬ್ದವು ಅದರೊಡನೆ ಬರುತ್ತದೆಂದೂ ಆತನು ಒಂದೇ ಉಸಿರಿನಲ್ಲಿ ಹೇಳಿರುವುದು. ಮೂಗಿನ ಪೀನಸವು ಉಬ್ಬಸದ ಲಕ್ಷಣಗಳ ಪಟ್ಟಿಯಲ್ಲಿಯೇ ಸೇರಿದೆ; ಬೇರೆ ವೈದ್ಯನಿಗೆ ಒಪ್ಪಿಸಿದ ಬೇರೆ ರೋಗವಾಗಿಲ್ಲ.

ಅದೇ ಸಂಹಿತೆಯ ನಿದಾನಸ್ಥಾನದಲ್ಲಿ ಇನ್ನೊಂದು ವಿಚಾರವುಂಟು. ಒಂದು ರೋಗವೇ ಇನ್ನೊಂದು ರೋಗಕ್ಕೆ ನಿದಾನವಾಗಬಹುದು, ಅಂದರೆ ಕಾರಣವಾಗಬಹುದು ಎಂಬುದು ಅಲ್ಲಿಯ ಸಿದ್ಧಾಂತವು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ನೆಗಡಿಯಿಂದ ಕೆಮ್ಮು, ಕೆಮ್ಮಿನಿಂದ ಕ್ಷಯ ಎಂಬುದೂ ಒಂದು. ಇದನ್ನು ಓದಿ, ಇಂದಿನವರು ಕಂಡುಹಿಡಿದದ್ದೆಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತೆಂದು ಬೀಗುವವರುಂಟು. ಆ ಮಾತನ್ನು ನಾವು ಒಪ್ಪುವುದಿಲ್ಲ. ಕ್ಷಯವು ಒಂದು ಸೂಕ್ಷ್ಮಜೀವಿಯಿಂದ ಬರುವುದೇ ಹೊರತು ನೆಗಡಿಯಿಂದಲ್ಲ. ಪೂರ್ವಿಕರು ಕಣ್ಣಿಟ್ಟು ನೋಡಿದ್ದು ದೊಡ್ಡದು; ನೋಡಿದ್ದಕ್ಕೆ ಅವರು ಹೇಳಿದ ಕಾರಣವನ್ನು ಇಂದು ಬೇರೆಯಾಗಿ ಪರೀಕ್ಷಿಸಬೇಕು. ಎರಡನ್ನೂ ಬೆರಸುವುದರಿಂದ ಅವರಿಗೂ ಗೌರವವಿಲ್ಲ, ನಮಗೂ ಲಾಭವಿಲ್ಲ.

ಪಶ್ಚಿಮದಲ್ಲಿಯೂ ಕಥೆಯು ಇಂತಹುದೇ. ಮಿದುಳಿನಲ್ಲಿ ಹುಟ್ಟಿದ ಕಫವು ತಲೆಯ ಎಲುಬಿನ ರಂಧ್ರಗಳ ಮೂಲಕ ಮೂಗಿಗೆ ಸೋರಿ, ಅಲ್ಲಿಂದ ಎದೆಗೆ ಇಳಿಯುತ್ತದೆಂದು ಗ್ರೀಕ್ ವೈದ್ಯನಾದ ಗ್ಯಾಲೆನನ ಕಾಲದಿಂದ ಶತಮಾನಗಟ್ಟಲೆ ನಂಬಿದ್ದರು. ನೆಗಡಿಗೆ ಅವರಿಟ್ಟ ‘ಕ್ಯಾಟಾರ್’ ಎಂಬ ಹೆಸರಿನ ಅರ್ಥವೂ ಕೆಳಕ್ಕೆ ಹರಿಯುವುದು ಎಂದೇ. ಜರ್ಮನಿಯ ವಿಟೆನ್‌ಬರ್ಗಿನ ಕೊನ್ರಾಡ್ ಷ್ನೈಡರ್ ಎಂಬ ವೈದ್ಯನು ೧೬೬೦ರಿಂದ ಮುಂದೆ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಸಿಂಬಳವು ಮಿದುಳಿನಿಂದ ಬರುವುದಿಲ್ಲ, ಮೂಗಿನ ಪೊರೆಯಿಂದಲೇ ಒಸರುತ್ತದೆ ಎಂದು ತೋರಿಸಿಕೊಟ್ಟನು. ಅಂದಿನಿಂದ ಮಿದುಳಿನ ಮೇಲಿದ್ದ ಅಪವಾದವು ತಪ್ಪಿತು. ಆದರೆ ಮೇಲಿನದು ಕೆಳಕ್ಕೆ ಸೋರಿ ಎದೆಯನ್ನು ಕೆಡಿಸುತ್ತದೆಂಬ ನಂಬಿಕೆಯು ಮಾತ್ರ ಬೇರೆಬೇರೆ ವೇಷಗಳಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಅದರ ವಿಚಾರವನ್ನು ಮುಂದೆ ಹೇಳುತ್ತೇವೆ.

ಈಗ ಆ ಗುಹೆಗಳ ವಿಷಯ. ‘ನನಗೆ ಸೈನಸ್ ಇದೆ’ ಎಂದು ಜನರು ದೂರುವುದನ್ನು ಕೇಳುತ್ತೇವೆ. ಸೈನಸ್ ಎಂಬುದು ರೋಗದ ಹೆಸರಲ್ಲ. ಎಲ್ಲರಿಗೂ ಇರುವ ಅಂಗದ ಹೆಸರು. ‘ನನಗೆ ಹೊಟ್ಟೆಯಿದೆ’ ಎಂದು ವೈದ್ಯರ ಮುಂದೆ ದೂರಿದಂತಾಯಿತು! ಮೂಗಿನ ಸುತ್ತಣ ಎಲುಬುಗಳಲ್ಲಿ ಗಾಳಿ ತುಂಬಿದ ನಾಲ್ಕು ಜೊತೆ ಪೊಳ್ಳುಗಳಿವೆ: ಕೆನ್ನೆಯೊಳಗೆ ಒಂದು ಜೊತೆ, ಹಣೆಯೊಳಗೆ ಒಂದು, ಕಣ್ಣುಗಳ ನಡುವೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳಾಗಿ ಒಂದು, ಮೂಗಿನ ಹಿಂದೆ ತಲೆಯ ಆಳದಲ್ಲಿ ಒಂದು. ಕೆನ್ನೆಯ ಗುಹೆಯನ್ನು ೧೬೫೧ರಲ್ಲಿ ಇಂಗ್ಲೆಂಡಿನ ನೆಥೇನಿಯಲ್ ಹೈಮೋರ್ ವಿವರವಾಗಿ ವರ್ಣಿಸಿದ್ದರಿಂದ ಬಹುಕಾಲ ಅದಕ್ಕೆ ಅವನ ಹೆಸರೇ ಇತ್ತು. ಈ ಗುಹೆಗಳೆಲ್ಲಕ್ಕೂ ಮೂಗಿನೊಳಕ್ಕೆ ತೆರೆದ ಸಣ್ಣ ಬಾಗಿಲುಗಳುಂಟು. ಕೆನ್ನೆಯ ಗುಹೆಯ ಬಾಗಿಲಂತೂ ತಳದಲ್ಲಿಲ್ಲ, ಮೇಲ್ಗಡೆಯಿದೆ. ಬಚ್ಚಲಿನ ತೂಬನ್ನು ಗೋಡೆಯ ಮೇಲ್ಭಾಗದಲ್ಲಿಟ್ಟ ಮನೆಯಂತೆ! ಹಾಗಾದರೆ ಒಳಗಣ ನೀರು ಹೊರಗೆ ಹೋಗುವುದು ಹೇಗೆ?

ಅದನ್ನು ಹೊತ್ತೊಯ್ಯುವ ಕೂಲಿಗಳಿದ್ದಾರೆ. ಮೂಗು, ಮುಖದ ಗುಹೆಗಳು, ಶ್ವಾಸನಾಳದ ಕವಲುಗಳು ಇವುಗಳ ಪೊರೆಯ ಮೇಲೆಲ್ಲಾ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಕ್ಕೂ ಮೇಲ್ಪಟ್ಟು ಸಲ, ಗಾಳಿಗೆ ತೂಗುವ ರಾಗಿಯ ಹೊಲದಂತೆ, ಒಂದೇ ದಿಕ್ಕಿಗೆ ಬಾಗಿ ಬಾಗಿ ಏಳುತ್ತವೆ. ಅವುಗಳ ಮೇಲೆ ಲೋಳೆಯ ತೆಳುವಾದ ಹಾಸು. ಉಸಿರಿನೊಡನೆ ಬಂದ ಧೂಳು, ಪರಾಗ, ಸೂಕ್ಷ್ಮಜೀವಿ ಎಲ್ಲವೂ ಆ ಲೋಳೆಗೆ ಅಂಟುತ್ತವೆ. ರೋಮಗಳು ಅದನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ನಾವು ಅರಿಯದೆಯೇ ನುಂಗಿಬಿಡುತ್ತೇವೆ. ಎದೆಯೊಳಗಿನ ರೋಮಗಳು ಮೇಲಕ್ಕೆ ತಳ್ಳುತ್ತವೆ, ಮೂಗಿನವು ಹಿಂದಕ್ಕೆ ತಳ್ಳುತ್ತವೆ. ಗುರಿಯೊಂದೇ, ಗಂಟಲು.

ದಿನಕ್ಕೆ ಸುಮಾರು ೧೦,೦೦೦ ಲೀಟರ್ ಗಾಳಿಯನ್ನು ನಾವು ಒಳಕ್ಕೆ ಎಳೆಯುತ್ತೇವೆ. ಆ ಗಾಳಿಯನ್ನು ಬೆಚ್ಚಗೆ ಮಾಡಿ, ಅದಕ್ಕೆ ತೇವವನ್ನು ಕೊಟ್ಟು, ದಪ್ಪನೆಯ ಧೂಳನ್ನು ಸೋಸಿ ಒಳಕ್ಕೆ ಬಿಡುವುದು ಮೂಗಿನ ಕೆಲಸ. ಮೂಗು ಕಟ್ಟಿದವನು ಬಾಯಿಂದ ಉಸಿರಾಡಬೇಕಾಗುತ್ತದೆ. ಆಗ ಒಣಗಿದ ತಣ್ಣನೆಯ ಗಾಳಿಯು ಸೋಸಲ್ಪಡದೆ ನೇರವಾಗಿ ಎದೆಗೆ ಇಳಿಯುವುದು. ಮೊದಲೇ ಕೆರಳಿರುವ ಶ್ವಾಸನಾಳಕ್ಕೆ ಇದು ಸಾಕು, ಬಿಗಿದುಕೊಳ್ಳುತ್ತದೆ. ಮೂಗಿಗೂ ಎದೆಗೂ ಇರುವ ಸಂಬಂಧದಲ್ಲಿ ಇದೊಂದು ಸರಳವಾದ ಎಳೆಯು.

ಎರಡನೆಯದಾಗಿ, ಮೇಲಿನಿಂದ ಸೋರುವ ಮಾತು. ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುವ ಕೀವುಲೋಳೆಯು ರಾತ್ರಿ ಮಲಗಿದಾಗ ಶ್ವಾಸಕೋಶಕ್ಕೆ ಸೋರಿ ಉಬ್ಬಸವನ್ನುಂಟುಮಾಡುತ್ತದೆಂದು ಬಹುಮಂದಿ ತಿಳಿದಿದ್ದಾರೆ. ೧೯೯೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಉಬ್ಬಸವೂ ಗುಹೆಗಳ ಉರಿಯೂತವೂ ಕೂಡಿದ್ದ ರೋಗಿಗಳ ಕೆನ್ನೆಯ ಗುಹೆಯೊಳಗೆ ವಿಕಿರಣವನ್ನು ಸೂಸುವ ಪದಾರ್ಥವನ್ನು ಅತ್ಯಲ್ಪವಾಗಿ ಇಟ್ಟು, ಅದು ಎಲ್ಲಿ ಹೋಗುತ್ತದೆಂದು ಯಂತ್ರದಿಂದ ನೋಡಿದರು. ಅದು ಗಂಟಲಿನಲ್ಲಿಯೂ ಅನ್ನನಾಳದಲ್ಲಿಯೂ ಕಾಣಿಸಿತು; ಶ್ವಾಸಕೋಶದಲ್ಲಿ ಮಾತ್ರ ಕಾಣಿಸಲಿಲ್ಲ. ಸೋರಿಕೆಯು ಗಂಟಲನ್ನು ಕೆರಳಿಸಿ ಕೆಮ್ಮನ್ನು ಬರಿಸಬಲ್ಲದು, ಅದು ನಿಜ. ಆದರೆ ಎದೆಯ ರೋಗಕ್ಕೆ ಅದೇ ಮುಖ್ಯವಾದ ಮಾರ್ಗವೆಂದು ಹೇಳುವುದಕ್ಕೆ ಆಧಾರವು ಸಾಲದು.

ಹಾಗಾದರೆ ಸಂಬಂಧವೆಲ್ಲಿ? ೨೦೦೦ರಲ್ಲಿ ನೆದರ್ಲೆಂಡ್ಸ್ ದೇಶದ ರೋಟರ್‌ಡ್ಯಾಮಿನ ವೈದ್ಯರು ಸೊಗಸಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಪರಾಗವು ಒಗ್ಗದೆ ಮೂಗಿನ ಬಾಧೆಯನ್ನು ಪಡುತ್ತಿದ್ದ, ಆದರೆ ಉಬ್ಬಸವಿಲ್ಲದ ಕೆಲವರನ್ನು ಆರಿಸಿ, ಸಣ್ಣ ನಳಿಕೆಯ ಮೂಲಕ ಅವರ ಶ್ವಾಸಕೋಶದ ಒಂದು ಮೂಲೆಗೆ ಮಾತ್ರ ಆ ಪರಾಗದ ಸತ್ತ್ವವನ್ನು ಬಿಟ್ಟರು. ಮೂಗನ್ನು ಮುಟ್ಟಲೇ ಇಲ್ಲ. ಒಂದು ದಿನ ಕಳೆಯುವಷ್ಟರಲ್ಲಿ ಮೂಗಿನ ಪೊರೆಯಲ್ಲಿಯೂ ಉರಿಯೂತದ ಗುರುತುಗಳು ಎದ್ದಿದ್ದವು. ಇಯೋಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳು ಅಲ್ಲಿ ಹೆಚ್ಚಿದ್ದವು. ಮರುವರ್ಷ ಅದೇ ವೈದ್ಯರು ವಿಪರ್ಯಾಯವಾಗಿ ಮೂಗಿಗೆ ಮಾತ್ರ ಸತ್ತ್ವವನ್ನು ಹಾಕಿ ನೋಡಲು, ಶ್ವಾಸನಾಳದಲ್ಲಿ ಅವೇ ಗುರುತುಗಳು ಕಂಡವು. ಕೆಳಗಿನದು ಮೇಲಕ್ಕೆ ಸೋರುವುದು ಸಾಧ್ಯವಿಲ್ಲವಷ್ಟೆ? ಆದುದರಿಂದ ಸುದ್ದಿಯು ರಕ್ತದ ಮೂಲಕವೇ ಹೋಗಿರಬೇಕು. ಒಂದು ಕಡೆ ಕೆರಳಿದ ಪೊರೆಯು ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತದೆ, ಎಲುಬಿನ ಮಜ್ಜೆಯು ಕಣಗಳನ್ನು ಹೆಚ್ಚಾಗಿ ಹುಟ್ಟಿಸಿ ಕಳುಹಿಸುತ್ತದೆ, ಆ ಕಣಗಳು ಒಂದೇ ಜಾತಿಯ ಪೊರೆಯು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಇಳಿಯುತ್ತವೆ. ಕೂಡುಕುಟುಂಬದಲ್ಲಿ ಮುಂಬಾಗಿಲಲ್ಲಿ ಜಗಳವಾದರೆ ಹಿತ್ತಲಿನವರೂ ಮುಖ ಊದಿಸಿಕೊಳ್ಳುವುದಿಲ್ಲವೇ?

ಉಬ್ಬಸದ ರೋಗಿಗಳಲ್ಲಿ ಬಹುಪಾಲು ಜನರಿಗೆ ಮೂಗಿನ ಉರಿಯೂತವೂ ಇರುವುದೆಂಬುದು ದೇಶದೇಶಗಳ ಗಣನೆಯಿಂದ ಸಿದ್ಧವಾಗಿದೆ. ಮೂಗಿನ ಅಲರ್ಜಿಯುಳ್ಳವರೆಲ್ಲರಿಗೂ ಉಬ್ಬಸವು ಬರುವುದಿಲ್ಲ. ಆದರೆ ಇತರರಿಗಿಂತ ಅವರಿಗೆ ಅದರ ಸಂಭವವು ಹೆಚ್ಚು. ಇದನ್ನು ಮನಗಂಡು ೧೯೯೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ತಜ್ಞರು ಸೇರಿ, ಎರಡನ್ನೂ ಕೂಡಿಸಿ ಪರೀಕ್ಷಿಸಬೇಕೆಂದು ನಿರ್ಧರಿಸಿದರು. ನಮ್ಮ ನಾಡಿಗೂ ಇದರಲ್ಲಿ ಒಂದು ಪಾಲಿದೆ. ೧೯೫೦ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದು, ಬಳಿಕ ನಮ್ಮ ಬಯಲುಗಳನ್ನೆಲ್ಲ ಆಕ್ರಮಿಸಿದ ಪಾರ್ಥೇನಿಯಮ್, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು, ಅದರ ಪರಾಗವು ಮೂಗಿನ ಅಲರ್ಜಿಗೆ ಕಾರಣವೆಂಬುದನ್ನು ಬೆಂಗಳೂರಿನಲ್ಲಿಯೇ ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದ್ದಾರೆ. ಮನೆಯ ಮುಂದಣ ಖಾಲಿ ನಿವೇಶನದಲ್ಲಿ ಆ ಗಿಡವನ್ನು ಹೂಬಿಡುವವರೆಗೆ ಬೆಳೆಯಗೊಟ್ಟು, ಮನೆಯೊಳಗೆ ಮೂಗಿಗೆ ಔಷಧವನ್ನು ಹಾಕುತ್ತಾ ಕೂಡುವುದು ವಿಚಿತ್ರವಾಗಿ ಕಾಣುತ್ತದೆ.

ಮಕ್ಕಳ ವಿಷಯದಲ್ಲಿ ನೆಗಡಿಯನ್ನು ಇನ್ನೂ ಹೆಚ್ಚಾಗಿ ಗಮನಿಸಬೇಕು. ಇಂಗ್ಲೆಂಡಿನ ಸೌತಾಂಪ್ಟನ್ ಪ್ರಾಂತದಲ್ಲಿ ೯ರಿಂದ ೧೧ ವರ್ಷದ ಮಕ್ಕಳನ್ನು ಕುರಿತು ೧೯೯೫ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಅವರಲ್ಲಿ ಉಬ್ಬಸದಂತಹ ಬಾಧೆಯು ಕೆರಳಿದ ಸಂದರ್ಭಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಲ್ಲಿ ವೈರಸ್ಸುಗಳು ಸಿಕ್ಕಿದವು. ಹೆಚ್ಚಾಗಿ ಸಿಕ್ಕಿದ್ದು ಸಾಮಾನ್ಯ ನೆಗಡಿಯ ವೈರಸ್ಸೇ. ಉಬ್ಬಸವಿರುವ ಮಗುವಿಗೆ ನೆಗಡಿ ಬಂದ ದಿನವೇ ಎದೆಯ ಔಷಧವನ್ನು ತಪ್ಪದೆ ಕೊಡುತ್ತಿದ್ದೇವೆಯೇ ಎಂದು ತಾಯಿತಂದೆಗಳು ನೋಡಿಕೊಳ್ಳಬೇಕು.

ಮೂಗಿಗೂ ಎದೆಗೂ ನಡುವಣ ನಂಟನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಬಹು ಅಪರೂಪವಾದ ಒಂದು ಹುಟ್ಟುರೋಗವು. ೧೯೩೩ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾನೆಸ್ ಕಾರ್ಟಗೆನರ್ ಎಂಬ ವೈದ್ಯರು ಮೂರು ಲಕ್ಷಣಗಳು ಒಟ್ಟಿಗೆ ಬರುವ ಕೆಲವು ರೋಗಿಗಳನ್ನು ವರ್ಣಿಸಿದರು: ಮುಖದ ಗುಹೆಗಳಲ್ಲಿ ಬಿಡದ ಉರಿಯೂತ, ಶ್ವಾಸನಾಳದ ಕವಲುಗಳು ಹಿಗ್ಗಿ ಚೀಲಗಳಂತಾಗಿ ಕೀವುಕಫವು ತುಂಬಿಕೊಳ್ಳುವ ಬ್ರಾಂಕಿಯೆಕ್ಟೇಸಿಸ್ ಎಂಬ ರೋಗ, ಮೂರನೆಯದಾಗಿ, ಹೃದಯವು ಬಲಗಡೆಗೂ ಯಕೃತ್ತು ಎಡಗಡೆಗೂ ಇರುವುದು. ಮೊದಲಿನ ಎರಡಕ್ಕೆ ಹೇಗೋ ನಂಟನ್ನು ಕಲ್ಪಿಸಬಹುದು. ಹೃದಯವು ಬಲಕ್ಕೆ ಹೋಗುವುದಕ್ಕೂ ಮೂಗಿನ ಸಿಂಬಳಕ್ಕೂ ಏನು ಸಂಬಂಧ? ಈ ಒಗಟು ನಲವತ್ತಮೂರು ವರ್ಷ ಬಿಡದೆ ಉಳಿಯಿತು. ೧೯೭೬ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಸೀಲಿಯಸ್ ಎಂಬ ವಿಜ್ಞಾನಿಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿ ಅದನ್ನು ಬಿಡಿಸಿದನು. ಇಂತಹ ರೋಗಿಗಳ ರೋಮಗಳಲ್ಲಿ, ಅವನ್ನು ಬಡಿಯುವಂತೆ ಮಾಡುವ ಅತಿಸೂಕ್ಷ್ಮವಾದ ತೋಳುಗಳೇ ಇರಲಿಲ್ಲ. ರೋಮಗಳಿದ್ದವು, ಆದರೆ ಹುಟ್ಟು ನಿಶ್ಚಲವಾಗಿದ್ದವು. ಕೂಲಿಗಳು ಕೈ ಕಟ್ಟಿ ನಿಂತ ಮೇಲೆ ಮೂಗಿನ ಲೋಳೆಯೂ ಕೊಳೆಯುವುದು, ಎದೆಯ ಲೋಳೆಯೂ ಕೊಳೆಯುವುದು. ಗರ್ಭದಲ್ಲಿ ಪಿಂಡದ ಎಡಬಲಗಳನ್ನು ನಿರ್ಣಯಿಸುವುದೂ ಇಂತಹ ರೋಮಗಳ ಚಲನೆಯೇ ಎಂದು ಮುಂದೆ ತಿಳಿದುಬಂತು. ಅವು ಚಲಿಸದಿದ್ದರೆ ಹೃದಯವು ಎಡಕ್ಕೋ ಬಲಕ್ಕೋ ಎಂಬುದು ಕೇವಲ ಯದೃಚ್ಛೆಯಾಗುತ್ತದೆ. ಈ ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಅದು ಬಲಕ್ಕಿರುವುದೂ ಅದಕ್ಕಾಗಿಯೇ. ಇಲ್ಲಿ ಮೂಗು ಎದೆಯನ್ನು ಕೆಡಿಸಲಿಲ್ಲ, ಎದೆಯೂ ಮೂಗನ್ನು ಕೆಡಿಸಲಿಲ್ಲ. ಎರಡರ ಬೇರಿನಲ್ಲಿಯೇ ದೋಷವಿತ್ತು.

ಬ್ರಾಂಕಿಯೆಕ್ಟೇಸಿಸ್ ಎಲ್ಲರಿಗೂ ಹೀಗೆಯೇ ಬರುವುದೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ಹಿಂದೆ ಬಂದು ವಾಸಿಯಾದ ಕ್ಷಯದ ಗಾಯವೇ ಅದಕ್ಕೆ ಅನೇಕವೇಳೆ ಕಾರಣವಾಗಿರುತ್ತದೆ. ಆದರೆ ಚಿಕ್ಕಂದಿನಿಂದ ಮೂಗು ಸೋರುವುದು ನಿಂತೇ ಇಲ್ಲ, ದಿನವೂ ಕಫದ ಕೆಮ್ಮು, ಕಿವಿಯೂ ಆಗಾಗ ಸೋರುವುದು ಎಂಬ ಮಗುವನ್ನು ಕಂಡರೆ ‘ಅದರ ಪ್ರಕೃತಿಯೇ ಶೀತ’ ಎಂದು ಸುಮ್ಮನಿರದೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು.

ಹೊಗೆಯಿಂದ ಬರುವ, ವೈದ್ಯರು ಸಿ.ಓ.ಪಿ.ಡಿ. ಎಂದು ಬರೆಯುವ ರೋಗವೂ ಮೂಗನ್ನು ಬಿಟ್ಟಿಲ್ಲ. ಬೀಡಿ ಸಿಗರೇಟುಗಳ ಹೊಗೆಯಾಗಲಿ, ಸೌದೆ ಬೆರಣಿಗಳ ಒಲೆಯ ಹೊಗೆಯಾಗಲಿ, ಒಳಹೋಗುವ ಬಾಗಿಲಿನ ಮೂಲಕವೇ ಹೋಗಬೇಕಷ್ಟೆ. ಈ ರೋಗಿಗಳಲ್ಲಿ ಬಹುಮಂದಿಗೆ ಮೂಗಿನ ಸೋರಿಕೆಯೂ ಕಟ್ಟುವಿಕೆಯೂ ಇರುತ್ತವೆ. ಒಂದು ದಿನವೂ ಬೀಡಿಯನ್ನು ಮುಟ್ಟದ ನಮ್ಮ ಹೆಂಗಸರಿಗೆ ಈ ರೋಗವು ಬರುವುದನ್ನು ಕಂಡು ಆಶ್ಚರ್ಯಪಡುವವರು, ಅವರು ಮೂವತ್ತು ನಾಲ್ವತ್ತು ವರ್ಷ ಒಲೆ ಊದಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಇನ್ನು ಹೇಳಬೇಕಾದದ್ದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ವಾಚಕರು ಇದನ್ನು ನಿಧಾನವಾಗಿ ಓದಬೇಕೆಂದು ಪ್ರಾರ್ಥಿಸುತ್ತೇವೆ.

ನಮ್ಮ ಪರಿಚಿತರೊಬ್ಬರಿಗೆ ನಡುವಯಸ್ಸಿನಲ್ಲಿ ಮೂಗು ಕಟ್ಟತೊಡಗಿತು. ವಾಸನೆಯು ತಿಳಿಯದಾಯಿತು, ಒಗ್ಗರಣೆಯು ಸೀದರೂ ಅವರಿಗೆ ಅರಿವಾಗುತ್ತಿರಲಿಲ್ಲ. ಮೂಗಿನೊಳಗೆ ದ್ರಾಕ್ಷಿಯಂತಹ ಮೆತ್ತನೆಯ ಗಡ್ಡೆಗಳು ಬೆಳೆದಿವೆಯೆಂದು ಶಸ್ತ್ರಕ್ರಿಯೆಯನ್ನು ಮಾಡಿದರು. ಎರಡು ವರ್ಷದೊಳಗೆ ಅವು ಮತ್ತೆ ಬೆಳೆದವು. ಈ ನಡುವೆ ಉಬ್ಬಸವೂ ಅಂಟಿಕೊಂಡಿತು. ಅದಕ್ಕೆ ಬೇರೆ ವೈದ್ಯರು. ಒಂದು ಸಂಜೆ ಹಲ್ಲುನೋವೆಂದು ಅಂಗಡಿಯಿಂದ ನೋವಿನ ಮಾತ್ರೆಯೊಂದನ್ನು ತರಿಸಿ ನುಂಗಿದರು. ಒಂದು ಗಂಟೆಯೊಳಗೆ ಮುಖವು ಕೆಂಪೇರಿ, ಕಣ್ಣುಮೂಗು ಸುರಿದು, ಉಸಿರು ಕಟ್ಟಿತು. ಮಗನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಉಳಿದರು. ಆ ಮಾತ್ರೆಗೂ ಮೂಗಿನ ಗಡ್ಡೆಗೂ ಉಬ್ಬಸಕ್ಕೂ ಇರುವ ನಂಟನ್ನು ಅಂದಿನವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ. ಏಕೆಂದರೆ ಮೂರನ್ನೂ ಒಟ್ಟಿಗೆ ಯಾರ ಮುಂದೆಯೂ ಅವರು ಹೇಳಿಕೊಂಡಿರಲಿಲ್ಲ.

ಈ ತ್ರಿಕೂಟವನ್ನು ೧೯೨೨ರಲ್ಲಿಯೇ ಫ್ರಾನ್ಸಿನ ಫರ್ನಾಂಡ್ ವಿಡಾಲ್ ಎಂಬ ವೈದ್ಯರು ಗುರುತಿಸಿದ್ದರು; ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಅವರು ೧೯೬೮ರಲ್ಲಿ ವಿಸ್ತಾರವಾಗಿ ಬರೆದ ಮೇಲೆ ಅದು ಪ್ರಸಿದ್ಧವಾಯಿತು. ಉಬ್ಬಸ, ಮೂಗಿನ ಗಡ್ಡೆ, ಆಸ್ಪಿರಿನ್ ಒಗ್ಗದಿರುವುದು, ಇವೇ ಆ ಮೂರು. ವಯಸ್ಸಿಗೆ ಬಂದ ಉಬ್ಬಸದ ರೋಗಿಗಳಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಇದು ಇರುತ್ತದೆಂದು ಎಣಿಕೆ. ಉಬ್ಬಸವು ತೀವ್ರವಾಗಿರುವವರಲ್ಲಿ ಇದರ ಪ್ರಮಾಣವು ಇನ್ನೂ ಹೆಚ್ಚು. ಆಸ್ಪಿರಿನ್ ಒಂದೇ ಅಲ್ಲ, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಅದೇ ವರ್ಗದ ನೋವಿನ ಮಾತ್ರೆಗಳೂ ಇಂತಹವರಿಗೆ ಅಪಾಯಕರವೇ. ಸೈನಸ್ಸಿನ ತಲೆನೋವೆಂದೂ ಮೈಕೈನೋವೆಂದೂ ಅಂಗಡಿಗಳಲ್ಲಿ ಕೇಳಿದೊಡನೆ ಕೊಡುವ ಮಾತ್ರೆಗಳಲ್ಲಿ ಅನೇಕವು ಈ ವರ್ಗಕ್ಕೆ ಸೇರಿದವು. ಮೂಗಿನ ನೋವಿಗೆ ನುಂಗಿದ್ದು ಎದೆಯನ್ನು ಕಟ್ಟುವುದೆಂದರೆ ಇದೇ. ಸಾಧಾರಣ ಪ್ರಮಾಣದ ಪ್ಯಾರಸಿಟಮಾಲ್ ಇವರಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಆದರೂ ವೈದ್ಯರನ್ನು ಒಮ್ಮೆ ಕೇಳಿಯೇ ನಿಶ್ಚಯಿಸಿಕೊಳ್ಳುವುದು ಲೇಸು. ಇದನ್ನು ಓದಿ ಹೃದಯರೋಗಕ್ಕಾಗಿ ವೈದ್ಯರು ಕೊಟ್ಟಿರುವ ಆಸ್ಪಿರಿನ್ನನ್ನು ಯಾರೂ ತಾವಾಗಿ ಬಿಡತಕ್ಕದ್ದಲ್ಲ. ಅದು ಮತ್ತೊಂದು ಅಪಾಯವನ್ನು ತಂದೊಡ್ಡುವುದು.

ಅಂತೂ ಮೂಗನ್ನು ಸರಿಪಡಿಸಿದರೆ ಉಬ್ಬಸವು ತಾನಾಗಿ ಹೋಗುವುದೇ ಎಂದು ಕೇಳುವವರಿಗೆ, ಹೋಗುವುದಿಲ್ಲವೆಂದೇ ಉತ್ತರ ಕೊಡಬೇಕಾಗಿದೆ. ಉಬ್ಬಸವು ಹತೋಟಿಗೆ ಬಾರದೆ, ಮೂಗು ಗುಹೆಗಳ ದೀರ್ಘಕಾಲದ ಬಾಧೆಯೂ ಇದ್ದವರಿಗೆ ಅಮೆರಿಕದಲ್ಲಿ ಆರು ತಿಂಗಳು ಮೂಗಿನೊಳಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಕೊಟ್ಟು ನೋಡಿದರು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ ಉಬ್ಬಸದ ಹತೋಟಿಯಲ್ಲಿ ಹೇಳಿಕೊಳ್ಳುವಂತಹ ಸುಧಾರಣೆಯಾಗಲಿಲ್ಲ. ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ. ಒಂದೇ ಬೇರಿನ ಎರಡು ಕೊಂಬೆಗಳಲ್ಲಿ ಒಂದಕ್ಕೆ ನೀರು ಚಿಮುಕಿಸಿದರೆ ಇನ್ನೊಂದರ ಹುಳು ಸಾಯುವುದಿಲ್ಲ. ಮೂಗಿನ ಔಷಧದಿಂದ ಮೂಗಿಗೆ ಸುಖವುಂಟು, ನಿದ್ರೆಗೆ ಸುಖವುಂಟು. ಅಷ್ಟು ಫಲಕ್ಕಾಗಿಯೇ ಅದನ್ನು ಮಾಡಬೇಕು. ಅದನ್ನು ನಂಬಿ ಎದೆಯ ಇನ್‌ಹೇಲರನ್ನು ನಿಲ್ಲಿಸುವುದು ಮಾತ್ರ ಅವಿವೇಕ. ಇನ್‌ಹೇಲರ್ ಕೊನೆಗಾಲದ ಔಷಧವೆಂದೂ ಒಮ್ಮೆ ಹಿಡಿದರೆ ಚಟವಾಗುವುದೆಂದೂ ಹಬ್ಬಿರುವ ಮಾತಿಗೆ ಯಾವ ಆಧಾರವೂ ಇಲ್ಲ.

ಎರಡಕ್ಕೂ ಒಟ್ಟಿಗೆ ತಾಗುವ ಔಷಧಗಳೂ ಈಚೆಗೆ ಬಂದಿವೆ. ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ೨೦೧೮ರಲ್ಲಿ ಉಬ್ಬಸಕ್ಕೂ, ೨೦೧೯ರಲ್ಲಿ ಮೂಗಿನ ಗಡ್ಡೆಗೂ, ೨೦೨೪ರಲ್ಲಿ ಸಿ.ಓ.ಪಿ.ಡಿ.ಯ ಕೆಲವು ರೋಗಿಗಳಿಗೂ ಅನುಮತಿ ದೊರೆಯಿತು. ಉರಿಯೂತದ ಸಂದೇಶವನ್ನೇ ನಡುದಾರಿಯಲ್ಲಿ ತಡೆಯುವ ಔಷಧವಿದು. ಬೆಲೆಯನ್ನು ಕೇಳಿದರೆ ಸಾಮಾನ್ಯ ಗೃಹಸ್ಥನ ಉಸಿರು ಬೇರೆ ಕಾರಣಕ್ಕಾಗಿ ಕಟ್ಟುವುದು, ಅದಿರಲಿ.

ಗೃಹಸ್ಥರು ಮನೆಯಲ್ಲಿಯೇ ಮಾಡಬಹುದಾದದ್ದು ಕೊಂಚ ಉಂಟು. ಮೂಗು ಕಟ್ಟುವುದು, ಹಿಂದಕ್ಕೋ ಮುಂದಕ್ಕೋ ಸೋರುವುದು, ಮುಖದಲ್ಲಿ ಭಾರ, ವಾಸನೆ ತಿಳಿಯದಿರುವುದು ಇವು ಹನ್ನೆರಡು ವಾರ ಕಳೆದರೂ ಹೋಗದಿದ್ದರೆ ಅದು ಬರಿಯ ನೆಗಡಿಯಲ್ಲ, ವೈದ್ಯರಿಗೆ ತೋರಿಸಬೇಕಾದ ದೀರ್ಘರೋಗ. ಬರಿಯ ತಲೆನೋವಾದರೆ ಅದು ಸೈನಸ್ಸೇ ಆಗಿರಬೇಕೆಂದಿಲ್ಲ. ಬಹಳವೇಳೆ ಅದು ಅರೆತಲೆನೋವು, ಎಂದರೆ ಮೈಗ್ರೇನ್. ಎರಡು ವಾರ ಮೀರಿದ ಕೆಮ್ಮಿಗೆ ಮೂಗಿನ ಮೇಲೆ ತಪ್ಪು ಹೊರಿಸುವ ಮೊದಲು ಕಫವನ್ನು ಕ್ಷಯಕ್ಕಾಗಿ ಪರೀಕ್ಷೆ ಮಾಡಿಸಬೇಕು. ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚಾಗಿ ಹಾಕಿದರೆ, ಅವುಗಳಿಂದಲೇ ಮೂಗು ಮತ್ತಷ್ಟು ಕಟ್ಟುವುದು. ಹೀಗೆ ವರ್ಷಗಟ್ಟಲೆ ಆ ಬಾಟಲಿಗೆ ದಾಸರಾದವರುಂಟು.

ಉಪ್ಪುನೀರಿನಿಂದ ಮೂಗನ್ನು ತೊಳೆಯುವ ಜಲನೇತಿಯು ಹಿತಕರವೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚದಷ್ಟು ಉಪ್ಪು ಸಾಕು. ಆದರೆ ನೀರಿನ ವಿಷಯದಲ್ಲಿ ಅಲಕ್ಷ್ಯವು ಕೂಡದು. ೨೦೧೧ರಲ್ಲಿ ಅಮೆರಿಕದ ಲೂಸಿಯಾನ ಪ್ರಾಂತದಲ್ಲಿ ನಲ್ಲಿಯ ನೀರನ್ನು ಹಾಗೆಯೇ ನೇತಿಗೆ ಬಳಸಿದ ಇಬ್ಬರು, ನೆಗ್ಲೇರಿಯ ಎಂಬ ಅಮೀಬವು ಮೂಗಿನಿಂದ ಮಿದುಳಿಗೇರಿ ತೀರಿಕೊಂಡರು. ನೆರೆಯ ಕೇರಳದಲ್ಲಿಯೂ ೨೦೨೪ ಮತ್ತು ೨೦೨೫ರಲ್ಲಿ ಇಂತಹ ಅಮೀಬಗಳಿಂದ ಮಿದುಳಿನ ಜ್ವರವು ಕಾಣಿಸಿಕೊಂಡಿತು. ಕುಡಿದರೆ ಏನೂ ಮಾಡದ ನೀರು ಮೂಗಿಗೇರಿದರೆ ಮಾರಕವಾಗಬಹುದು. ಆದುದರಿಂದ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆಯೇ ಬಳಸಬೇಕು. ಗಿಂಡಿಯನ್ನೂ ಬಳಸಿದೊಡನೆ ತೊಳೆದು ಒಣಗಿಸಬೇಕು.

ವೈದ್ಯರ ಬಳಿಗೆ ಹೋಗುವಾಗ, ಅವರು ಎದೆಯ ವೈದ್ಯರಾಗಿರಲಿ ಮೂಗಿನ ವೈದ್ಯರಾಗಿರಲಿ, ಒಂದು ಕಾಗದದಲ್ಲಿ ಇಷ್ಟನ್ನು ಬರೆದುಕೊಂಡು ಹೋಗುವುದು ಒಳ್ಳೆಯದು: ಉಬ್ಬಸವೋ ಕೆಮ್ಮೋ ಯಾವಾಗ ಮೊದಲಾಯಿತು, ಮೂಗು ಯಾವಾಗ ಕಟ್ಟತೊಡಗಿತು, ವಾಸನೆಯು ತಿಳಿಯ��ತ್ತದೆಯೇ, ಮೂಗಿಗೆ ಶಸ್ತ್ರಕ್ರಿಯೆಯಾಗಿದೆಯೇ, ಯಾವ ನೋವಿನ ಮಾತ್ರೆಯನ್ನು ನುಂಗಿದಾಗಲಾದರೂ ಉಸಿರು ಕಟ್ಟಿತ್ತೇ, ಈಗ ಹಾಕಿಕೊಳ್ಳುತ್ತಿರುವ ಹನಿ, ಮಾತ್ರೆ, ಇನ್‌ಹೇಲರುಗಳ ಹೆಸರೇನು. ಮಾತನಾಡಲು ಉಸಿರು ಸಾಲದೆ ಹೋದರೆ, ತುಟಿಯು ನೀಲಿಗಟ್ಟಿದರೆ, ಅಥವಾ ಮೂಗಿನ ಬಾಧೆಯೊಡನೆ ಕಣ್ಣಿನ ಸುತ್ತ ಊದಿಕೊಂಡು ಜ್ವರವೇರಿದರೆ, ಕಾಗದವನ್ನು ಹುಡುಕುತ್ತಾ ನಿಲ್ಲದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.